ಕಾಣದ ಬೆಳಕನ್ನು ಕಂಡವರು

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಮನೆಯೊಂದರಲ್ಲಿ ಹುಡುಗನೊಬ್ಬನು ಹಳೆಯ ಟಿ.ವಿ. ರಿಮೋಟಿನಿಂದ ವಿದ್ಯುದ್ದೀಪವನ್ನು ಬೆಳಗಿಸಲು ಹವಣಿಸುತ್ತಿದ್ದಾನೆನ್ನಿ. ಗುಂಡಿ ಒತ್ತಿದಾಗ ಹೊರಡುವ ಬೆಳಕು ಅವನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮೊದಲು ಪತ್ತೆಮಾಡಿದವರು ವೃತ್ತಿಯಿಂದ ಸಂಗೀತಗಾರರಾಗಿದ್ದ ವಿಲಿಯಂ ಹರ್ಷೆಲ್.

ಹರ್ಷೆಲ್ಲರು ೧೭೩೮ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಜನಿಸಿದರು. ತಂದೆ ಸೈನ್ಯದ ವಾದ್ಯಗಾರರು. ೧೭೫೭ರಲ್ಲಿ ಇಂಗ್ಲೆಂಡಿಗೆ ಬಂದ ಹರ್ಷೆಲ್ಲರು ಮುಂದೆ ಬಾತ್ ಪಟ್ಟಣದಲ್ಲಿ ಆರ್ಗನ್ ನುಡಿಸುತ್ತ, ಸಂಗೀತಪಾಠ ಹೇಳುತ್ತ ಜೀವನ ಸಾಗಿಸಿದರು. ಹಗಲು ಸಂಗೀತ, ಇರುಳು ನಕ್ಷತ್ರ. ದೂರದರ್ಶಕಕ್ಕೆ ಬೇಕಾದ ಲೋಹದ ಕನ್ನಡಿಗಳನ್ನು ತಾವೇ ಎರಕಹೊಯ್ದು ಉಜ್ಜುತ್ತಿದ್ದರು. ಒಮ್ಮೆ ೧೬ ಗಂಟೆಗಳ ಕಾಲ ಕೈತೆಗೆಯದೆ ಉಜ್ಜಿದಾಗ ತಂಗಿ ಕ್ಯಾರೊಲಿನ್ ಅವರ ಬಾಯಿಗೆ ತುತ್ತಿಟ್ಟರಂತೆ. ಸ್ವಂತ ದೂರದರ್ಶಕದಿಂದಲೇ ೧೭೮೧ರ ಮಾರ್ಚ್ ೧೩ರಂದು ಯುರೇನಸ್ ಗ್ರಹವನ್ನು ಕಂಡರು. ಕೀರ್ತಿಯೂ ರಾಜವೇತನವೂ ಬಂದವು.

ಆದರೆ ನಮ್ಮ ಹುಡುಗನಿಗೆ ಬೇಕಾದುದು ೧೮೦೦ರ ಕಥೆ. ಸೂರ್ಯನನ್ನು ನೋಡಲು ಹರ್ಷೆಲ್ಲರು ಬಣ್ಣದ ಗಾಜುಗಳನ್ನು ಬಳಸುತ್ತಿದ್ದರು (ಇದನ್ನು ಯಾರೂ ಅನುಕರಿಸಬಾರದು). ಕೆಲವು ಗಾಜುಗಳಲ್ಲಿ ಬೆಳಕು ಮಂದವಾದರೂ ಶಾಖ ಕಣ್ಣಿಗೆ ತಾಗುತ್ತಿತ್ತು. ಕಣ್ಣನ್ನು ಉಳಿಸಿಕೊಳ್ಳುವ ಈ ಚಿಂತೆಯಿಂದಲೇ ಪ್ರಯೋಗ ಹುಟ್ಟಿತು. ಪಟ್ಟಕದ ಮೂಲಕ ಬಿಸಿಲನ್ನು ಬಣ್ಣಬಣ್ಣವಾಗಿ ಹರಡಿ ಅಲ್ಲಲ್ಲಿ ಉಷ್ಣಮಾಪಕವನ್ನಿಟ್ಟರು. ನೇರಳೆಯಿಂದ ಕೆಂಪಿನತ್ತ ಸಾಗಿದಂತೆ ಶಾಖ ಹೆಚ್ಚಿತು. ಕೆಂಪು ಮುಗಿದ ಮೇಲೆ, ಏನೂ ಕಾಣದ ಎಡೆಯಲ್ಲಿಯೂ ಪಾದರಸ ಏರಿತು! ಅಲ್ಲಿದ್ದುದು ಅವಗೆಂಪು ಕಿರಣ. ಬೆಳಕಿಲ್ಲದ ಕಡೆ ಉಷ್ಣಮಾಪಕವನ್ನಿಡಲು ತೋಚಿದುದೇ ಯುರೇನಸ್ಸಿಗಿಂತ ದೊಡ್ಡದೆಂದು ನನ್ನ ಎಣಿಕೆ. ಬೆಳಕೂ ಈ ಕಿರಣವೂ ಒಂದೇ ಬಗೆಯವೆಂದು ಮೊದಲು ಊಹಿಸಿದ್ದ ಅವರು ಅದೇ ವರ್ಷ ಆ ಊಹೆಯನ್ನು ಕೈಬಿಟ್ಟು ಎಡವಿದರು. ೧೮೨೨ರಲ್ಲಿ ನಿಧನರಾದರು.

ಹುಡುಗನು ಉಷ್ಣಮಾಪಕದ ಬದಲು ಮೂರು ಕಾಲಿನ ಪುಟ್ಟ ಗ್ರಾಹಕವನ್ನಿಟ್ಟು ಅದೇ ಕಿರಣವನ್ನು ಓದುತ್ತಾನೆ. ರಿಮೋಟಿನ ದೀಪವು ಸೆಕೆಂಡಿಗೆ ಸುಮಾರು ೩೮,೦೦೦ ಸಲ ಮಿನುಗುತ್ತದೆ. ಬಿಸಿಲು ಹಾಗೆ ಮಿನುಗದಾದ್ದರಿಂದ ಗ್ರಾಹಕವು ಎರಡನ್ನೂ ಬೇರ್ಪಡಿಸಬಲ್ಲುದು. ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಮೊದಲು ೯ ಮಿಲಿಸೆಕೆಂಡಿನ ಮಿನುಗು, ಬಳಿಕ ೪.೫ ಮಿಲಿಸೆಕೆಂಡಿನ ಬಿಡುವು, ಆಮೇಲೆ ೩೨ ಅಂಕಿಗಳು. ಅಂಕಿಯನ್ನು ತಿಳಿಸುವುದು ಮಿನುಗುಗಳ ನಡುವಣ ಬಿಡುವೇ: ಗಿಡ್ಡ ಬಿಡುವು ಸೊನ್ನೆ, ಅದರ ಮೂರರಷ್ಟು ಉದ್ದದ್ದು ಒಂದು. ತಾಳದಲ್ಲಿ ಬಿಡುವಿಗೂ ಲೆಕ್ಕವುಂಟೆಂದು ಬಲ್ಲ ಹರ್ಷೆಲ್ಲರಿಗೆ ಇದು ಕಷ್ಟವಾಗುತ್ತಿರಲಿಲ್ಲ. ಎಂಟು ಅಂಕಿಗಳ ಬೆನ್ನಿಗೇ ಅವೇ ತಲೆಕೆಳಗಾಗಿ, ಸೊನ್ನೆಯಿದ್ದಲ್ಲಿ ಒಂದಾಗಿ, ಒಂದಿದ್ದಲ್ಲಿ ಸೊನ್ನೆಯಾಗಿ ಬರುತ್ತವೆ. ಎರಡೂ ತಾಳೆಯಾದರೆ ಮಾತ್ರ ಹುಡುಗನ ದೀಪ ಬೆಳಗುತ್ತದೆ.