ಕಯ್ಯೂರಿನ ಹೆಸರುಗಳನ್ನು ಉಳಿಸಿದ ನಿರಂಜನ

ನಮ್ಮ ಮನೆಯ ಮಾತು ಉರ್ದು. ಕನ್ನಡ ಕಲಿತದ್ದು ಮಂಡ್ಯದ ಬೀದಿಯಲ್ಲಿ ಮತ್ತು ಶಾಲೆಯಲ್ಲಿ. ಪಠ್ಯಪುಸ್ತಕ ಬಿಟ್ಟರೆ ಕನ್ನಡದ ಒಂದು ಕಾದಂಬರಿಯನ್ನೂ ನಾನು ಪೂರ್ತಿ ಓದಿರಲಿಲ್ಲ. ಕಳೆದ ದಸರಾ ರಜೆಗೆ ಮುಂಚೆ ನಮ್ಮ ಕನ್ನಡ ಉಪನ್ಯಾಸಕರು ನಿರಂಜನರ ‘ಚಿರಸ್ಮರಣೆ’ ಕೊಟ್ಟು, ಓದಿ ಬಾ ಎಂದರು. ಪುಟ ತಿರುವಿದಾಗ ಅಬೂಬಕ್ಕರ್ ಎಂಬ ಹೆಸರು ಕಣ್ಣಿಗೆ ಬಿತ್ತು. ನಮ್ಮ ಬೀದಿಯಲ್ಲೇ ಇಬ್ಬರು ಅಬೂಬಕ್ಕರ್ ಇದ್ದಾರೆ. ಕನ್ನಡ ಕಾದಂಬರಿಯೊಳಗೆ ಈ ಹೆಸರಿನವನಿಗೇನು ಕೆಲಸ ಎಂಬ ಕುತೂಹಲದಿಂದಲೇ ಓದಲು ಕೂತೆ. ಓದಿ ಮುಗಿಸಿದ ಮೇಲೆ ಬರೆದವರ ಬಗ್ಗೆ ತಿಳಿಯಬೇಕೆನಿಸಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿರಂಜನರ ನಿಜವಾದ ಹೆಸರು ಶಿವರಾಯ. ದಕ್ಷಿಣ ಕನ್ನಡದ ಸುಬ್ರಹ್ಮಣ್ಯದ ಹತ್ತಿರ ಕುಳ್ಕುಂದ ಎಂಬ ಊರಿದೆ. ಅಲ್ಲಿ 1924ರ ಜೂನ್ 15ರಂದು ಹುಟ್ಟಿದರು. ಸುಳ್ಯದಲ್ಲಿ ಓದಿ, ಹೈಸ್ಕೂಲಿಗೆ ನೀಲೇಶ್ವರಕ್ಕೆ ಹೋದರು. ಈಗ ಕೇರಳದಲ್ಲಿರುವ ನೀಲೇಶ್ವರ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಸುತ್ತಮುತ್ತ ಜನರ ಮಾತು ಮಲಯಾಳಂ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಎಂಬ ಅನುಭವ ಅವರಿಗೂ ಇತ್ತು ಎಂದು ತಿಳಿದು ನನಗೆ ಸಂತೋಷವಾಯಿತು.

ನೀಲೇಶ್ವರಕ್ಕೆ ಸಮೀಪದಲ್ಲೇ ತೇಜಸ್ವಿನಿ ನದಿಯ ದಡದಲ್ಲಿ ಕಯ್ಯೂರು ಇದೆ. ಅಲ್ಲಿ ಭೂಮಿಯೆಲ್ಲ ಜನ್ಮಿಗಳದ್ದು, ಅಂದರೆ ಜಮೀನ್ದಾರರದ್ದು. ಉಳುವವರು ಗೇಣಿದಾರರು. ಅವರು ಗೇಣಿಯ ಜೊತೆಗೆ ಬೇರೆ ಬೇರೆ ಹೆಸರಿನ ಕಾಣಿಕೆಗಳನ್ನೂ ಸಲ್ಲಿಸಬೇಕಿತ್ತು. ಕೊಡದಿದ್ದರೆ ಒಕ್ಕಲೆಬ್ಬಿಸುತ್ತಿದ್ದರು. ಇದರ ವಿರುದ್ಧ ರೈತಸಂಘ ಕಟ್ಟಿದವರು ಕಮ್ಯುನಿಸ್ಟರು.

ಇಲ್ಲಿ ವಾಣಿಜ್ಯ ವಿದ್ಯಾರ್ಥಿಯಾಗಿ ಎರಡು ಮಾತು ಹೇಳಬೇಕು. ನಮ್ಮ ಪಾಠದಲ್ಲಿ ಬಂಡವಾಳ ಹೂಡಿದವನಿಗೆ ಲಾಭ, ದುಡಿದವನಿಗೆ ಕೂಲಿ ಎಂದು ಕಲಿಯುತ್ತೇವೆ. ವ್ಯಾಪಾರ ಖಾತೆಯಲ್ಲಿ ಕೂಲಿಯನ್ನು ಡೆಬಿಟ್ ಬದಿಗೆ, ಸಾಗಾಣಿಕೆ ವೆಚ್ಚದ ಜೊತೆಯಲ್ಲೇ ಬರೆಯುತ್ತೇವೆ. ಲಾಭಕ್ಕೆ ಕಾರಣವಾದ ದುಡಿಮೆಯೇ ಹೀಗೆ ಬರೀ ಖರ್ಚಾಗಿ ಕಾಣುವುದು ನ್ಯಾಯವೇ ಎಂಬುದು ಕಮ್ಯುನಿಸಂನ ಪ್ರಶ್ನೆ. ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರ ಪ್ರಣಾಳಿಕೆಯಲ್ಲಿ ಬರೆದದ್ದು ಯುರೋಪಿನ ಕಾರ್ಖಾನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಕಯ್ಯೂರಿನಲ್ಲಿ ಕಾರ್ಖಾನೆ ಇರಲಿಲ್ಲ, ಗದ್ದೆ ಇತ್ತು. ಆದರೂ ಪ್ರಶ್ನೆ ಅದೇ: ಬೆಳೆ ಬೆಳೆದವನ ಪಾಲು ಎಷ್ಟು?

ಈ ವಿಚಾರವೆಂದರೆ ನಮ್ಮಲ್ಲಿ ಕೆಲವರಿಗೆ ಅಳುಕು. ಇಂಕ್ವಿಲಾಬ್ ಜಿಂದಾಬಾದ್ ಎಂಬ ಘೋಷಣೆ ಕೊಟ್ಟ ಉರ್ದು ಕವಿ ಮೌಲಾನಾ ಹಸ್ರತ್ ಮೊಹಾನಿಯವರು 1925ರ ಕಾನ್ಪುರ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದರು. ಅವರು ಹಲವು ಸಲ ಹಜ್ ಮಾಡಿದವರು. ಒಪ್ಪುವುದು ಬಿಡುವುದು ಆಮೇಲೆ, ಮೊದಲು ತಿಳಿದುಕೊಳ್ಳೋಣ ಎಂಬುದಷ್ಟೇ ನನ್ನ ಮಾತು.

1941ರ ಮಾರ್ಚ್ 28ರಂದು ಕಯ್ಯೂರಿನ ರೈತರು ಮೆರವಣಿಗೆ ಹೊರಟಿದ್ದರು. ಅದಕ್ಕೆ ಮುಂಚೆ ಪೊಲೀಸರು ಅವರ ಮೇಲೆ ದೌರ್ಜನ್ಯ ನಡೆಸಿದ್ದರು. ದಾರಿಯಲ್ಲಿ ಸುಬ್ಬರಾಯ ಎಂಬ ಪೊಲೀಸ್ ಪೇದೆ ಎದುರಾದ. ಜನ ಅವನ ಕೈಗೆ ಕೆಂಬಾವುಟ ಕೊಟ್ಟು ಮುಂದೆ ನಡೆಸಿದರು. ಆತ ತಪ್ಪಿಸಿಕೊಳ್ಳಲು ನದಿಗೆ ಹಾರಿ, ನೀರುಪಾಲಾದ. ಸರ್ಕಾರ ಕೊಲೆ ಮೊಕದ್ದಮೆ ಹೂಡಿತು. ಮಠತ್ತಿಲ್ ಅಪ್ಪು, ಕೋಯಿತಾಟ್ಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್, ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಎಂಬ ಐದನೆಯವನಿಗೆ ಇನ್ನೂ ಪ್ರಾಯ ತುಂಬಿರಲಿಲ್ಲ. ಆ ಕಾರಣಕ್ಕೆ ಅವನೊಬ್ಬನು ಉಳಿದ. ನನಗೀಗ ಹದಿನೇಳು. ಆ ಸಾಲನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕಯ್ಯೂರಿನ ಘಟನೆ ನಡೆದಾಗ ಶಿವರಾಯನಿಗೆ ಹದಿನಾರು ವರ್ಷ. ನೀಲೇಶ್ವರದ ರಾಜಾಸ್ ಹೈಸ್ಕೂಲಿನ ಹುಡುಗ. ಅದಾದ ಮೇಲೆ ಮಂಗಳೂರಿಗೆ ಬಂದು ‘ರಾಷ್ಟ್ರಬಂಧು’ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. ಕಮ್ಯುನಿಸ್ಟ್ ಪಕ್ಷ ಸೇರಿದರು, ಭೂಗತರಾಗಿಯೂ ಇದ್ದರು. ಅನಕೃ ಮುಂದಾಳತ್ವದ ಪ್ರಗತಿಶೀಲ ಸಾಹಿತ್ಯ ಚಳವಳಿಯಲ್ಲಿ ತರಾಸು, ಬಸವರಾಜ ಕಟ್ಟೀಮನಿಯವರ ಜೊತೆ ದೊಡ್ಡ ಹೆಸರಾದರು. ಮುಂದೆ ಪಕ್ಷದಿಂದ ದೂರವಾದರೂ ದುಡಿಯುವವರ ಪರವಾದ ವಿಚಾರವನ್ನು ಬಿಡಲಿಲ್ಲ. ಬರವಣಿಗೆಯನ್ನೇ ನಂಬಿ ಬದುಕಿದರು.

ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕಯ್ಯೂರನ್ನು ಅವರು ಕಾದಂಬರಿಯಾಗಿ ಬರೆದದ್ದು 1955ರಲ್ಲಿ. ಗಲ್ಲಾಗಿ ಹನ್ನೆರಡು ವರ್ಷವಾಗಿತ್ತು. ಮರುವರ್ಷ ಭಾಷಾವಾರು ಪ್ರಾಂತ್ಯವಾಗಿ ಕಯ್ಯೂರು ಕೇರಳಕ್ಕೆ ಸೇರಿತು. ಮಲಯಾಳಂ ರೈತರ ಕಥೆಯನ್ನು ಕನ್ನಡದವರು ಬರೆದರು. ಅದನ್ನು ಈಗ ಉರ್ದು ಮನೆಯ ಹುಡುಗ ಓದುತ್ತಿದ್ದಾನೆ.

ನಮ್ಮ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು ಎಲ್ಲರಿಗೂ ಗೊತ್ತು. ಹೆದ್ದಾರಿಯಲ್ಲಿ ಹೋಗುವಾಗ ಸತ್ಯಾಗ್ರಹ ಸೌಧವನ್ನು ನೋಡಿದ್ದೇವೆ. ಕಯ್ಯೂರು ಅದಾಗಿ ಮೂರೇ ವರ್ಷಕ್ಕೆ ನಡೆದದ್ದು. ಅಲ್ಲಿನವರ ನೆನಪು ಕನ್ನಡದವರಲ್ಲಿ ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಈ ಕಾದಂಬರಿ.

1956ರಲ್ಲಿ ಅವರು ವೈದ್ಯೆಯೂ ಲೇಖಕಿಯೂ ಆದ ಅನುಪಮಾ ಅವರನ್ನು ಮದುವೆಯಾದರು. ಕಯ್ಯೂರಿನ ನದಿಯ ಹೆಸರು ತೇಜಸ್ವಿನಿ. ಅವರ ಹಿರಿಯ ಮಗಳ ಹೆಸರೂ ತೇಜಸ್ವಿನಿ. ‘ಚಿರಸ್ಮರಣೆ’ಯನ್ನು ಇಂಗ್ಲಿಷಿಗೆ ತಂದವರು ಆ ಮಗಳೇ. 1971ರಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರೋ ಏನೋ. ಅವರು ಆಮೇಲೆಯೇ ‘ಮೃತ್ಯುಂಜಯ’ ಬರೆದರು. ಅದು ಪ್ರಾಚೀನ ಈಜಿಪ್ಟಿನ ದುಡಿಯುವ ಜನ ದಂಗೆ ಏಳುವ ಕಥೆ. ನಮ್ಮ ದಾದಿ ಹೇಳುತ್ತಿದ್ದ ಮೂಸಾ ನಬಿಯವರ ಕಥೆಯಲ್ಲಿ ಫಿರೌನನ ಹೆಸರು ಕೇಳಿ ಬೆಳೆದ ನನಗೆ ಮುಂದೆ ಓದಬೇಕಾದ ಪುಸ್ತಕ ಅದೇ. ವಿದ್ಯಾರ್ಥಿಗಳಿಗಾಗಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನೂ, ಜಗತ್ತಿನ ಕಥೆಗಳ ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನೂ ಸಂಪಾದಿಸಿದರು. ಅನುಪಮಾ ಅವರು 1991ರಲ್ಲಿ ತೀರಿಕೊಂಡರು, ನಿರಂಜನರು 1992ರಲ್ಲಿ.

ಇನ್ನು ನನ್ನ ವಿಷಯ. ನಮ್ಮ ಅಬ್ಬಾ ಬೆಲ್ಲದ ಮಂಡಿಯಲ್ಲಿ ಹಮಾಲಿ. ನಾನು ಸಂಜೆ ಹೊತ್ತು ಅದೇ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಾಹುಕಾರರು ಕೆಟ್ಟವರಲ್ಲ, ಒಮ್ಮೆ ನನ್ನ ಕಾಲೇಜಿನ ಫೀಸನ್ನೂ ಕಟ್ಟಿದ್ದಾರೆ. ಈ ವರ್ಷ ಹಮಾಲಿಗಳು ಮೂಟೆಗೆ ಕೂಲಿ ಹೆಚ್ಚಿಸಿ ಎಂದು ಕೇಳಿದರು. ಹೆಚ್ಚಿಸಿದರೆ ಲಾಭ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಲು ಸಾಹುಕಾರರು ನನಗೇ ಹೇಳಿದರು. ಹಾಕಿಕೊಟ್ಟೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದರಲ್ಲಿ ಹಮಾಲಿ ಎಂಬ ಒಂದೇ ಸಾಲು ಇತ್ತು, ಅಬ್ಬಾ ಇರಲಿಲ್ಲ. ಕೂಲಿ ಹೆಚ್ಚಲಿಲ್ಲ.

ಆ ರಾತ್ರಿ ಕಯ್ಯೂರಿನ ಕಥೆಯನ್ನು ಅಬ್ಬಾನಿಗೆ ಉರ್ದುವಿನಲ್ಲಿ ಹೇಳಿದೆ. ಎಲ್ಲ ಕೇಳಿ ಅವರು ಮೊದಲು ಕೇಳಿದ್ದು ಆ ಪೇದೆಯ ಬಗ್ಗೆ. ಅವನೂ ಸಂಬಳಕ್ಕೆ ದುಡಿಯುವವನೇ ಅಲ್ಲವೇ, ಅವನಿಗೆ ಮನೆ ಮಕ್ಕಳು ಇರಲಿಲ್ಲವೇ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ನ್ಯಾಯಕ್ಕಾಗಿ ಹೊರಟ ಮೆರವಣಿಗೆಯಲ್ಲೂ ಒಬ್ಬ ಬಡವನ ಜೀವ ಹೋಗಬಹುದು ಎಂಬುದನ್ನು ನಾನು ಅಬ್ಬಾನಿಂದ ಕಲಿತೆ.

ಮರುದಿನ ಹಮಾಲಿ ಪುಸ್ತಕದಲ್ಲಿ ಗೆರೆ ಎಳೆದು, ಒಬ್ಬೊಬ್ಬರ ಹೆಸರು ಬರೆದು, ಎದುರಿಗೆ ಅವರು ಹೊತ್ತ ಮೂಟೆಗಳ ಸಂಖ್ಯೆ ಬರೆಯಲು ಶುರುಮಾಡಿದೆ. ಸಾಹುಕಾರರು ನೋಡಿ, ಇದೇಕೆ ಇಷ್ಟು ಕೆಲಸ ಎಂದರು. ಲೆಕ್ಕ ಸ್ಪಷ್ಟವಾಗಿರಲಿ ಎಂದೆ. ಬೇಡ ಎನ್ನಲಿಲ್ಲ. ಮುಂದಿನ ಸಲ ಕೂಲಿಯ ಮಾತು ಬಂದಾಗ ಅವರ ಮುಂದೆ ಇರುವುದು ಆ ಪುಸ್ತಕ.

ಸ್ನೇಹಿತರೇ, ‘ಚಿರಸ್ಮರಣೆ’ ನಮ್ಮ ಗ್ರಂಥಾಲಯದಲ್ಲಿದೆ. ನಾನು ವಾಪಸ್ ಮಾಡಿದ್ದೇನೆ. ಕನ್ನಡ ನಿಧಾನವಾಗಿ ಓದುವವರೂ ಧೈರ್ಯವಾಗಿ ತೆಗೆದುಕೊಳ್ಳಿ. ನಾನೂ ನಿಧಾನವಾಗಿಯೇ ಓದಿದ್ದು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ