ನಿಷೇಧಿತ ಪುಸ್ತಕದ ಬೆನ್ನಿಗೆ ನಿಂತ ಬೆಂಗಳೂರು ನಾಗರತ್ನಮ್ಮ



ಮಹಿಳೆಯರ ಬದುಕು, ಕಲೆ, ವಿಚಾರಗಳ ಬಗ್ಗೆ ಒಳ್ಳೆಯ ಪುಸ್ತಕಗಳನ್ನು ಸೂಚಿಸಿರಿ ಎಂದು ನಮ್ಮ ಸದಸ್ಯೆಯರು ಕೇಳುತ್ತಿದ್ದಾರೆ. ಅದಕ್ಕೆ ಮೊದಲು ಒಂದು ಪುಸ್ತಕಕ್ಕಾಗಿ ದಶಕಗಳ ಕಾಲ ಕಾದ ಕನ್ನಡತಿಯನ್ನು ನೆನೆಯೋಣ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಮಗೆ ಅವರು ಹತ್ತಿರದವರೇ ಸರಿ.

ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಮ್ಮ ಕಷ್ಟದಲ್ಲೇ ಮಗಳಿಗೆ ಸಂಗೀತ, ಸಂಸ್ಕೃತ, ಕನ್ನಡ, ತೆಲುಗು ಕಲಿಸಿದರು. ಮೈಸೂರು, ಬೆಂಗಳೂರುಗಳಲ್ಲಿ ಹೆಸರು ಮಾಡಿ, ಮುಂದೆ ಮದ್ರಾಸಿನಲ್ಲಿ ನೆಲೆಸಿದರು.

ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ 18ನೇ ಶತಮಾನದಲ್ಲಿ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಶೃಂಗಾರ ಕಾವ್ಯ ಬರೆದಿದ್ದಳು. ನಾಗರತ್ನಮ್ಮನವರ ಕೈಗೆ ಸಿಕ್ಕ ಅಚ್ಚಿನ ಪ್ರತಿಯಲ್ಲಿ ಹಲವು ಪದ್ಯಗಳನ್ನು ಬಿಟ್ಟಿದ್ದರು. ಕವಯಿತ್ರಿ ತನ್ನ ಅಜ್ಜಿ, ತಾಯಿಯರ ಪರಂಪರೆ ಹೇಳಿಕೊಂಡ ಪೀಠಿಕೆಯೂ ಇರಲಿಲ್ಲ. ಅವರು ಹಸ್ತಪ್ರತಿ ಹುಡುಕಿ, ತಾಳೆ ನೋಡಿ, 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣ ಕಾವ್ಯ ಹೊರತಂದರು.

ಆಗ ಗದ್ದಲ ಎದ್ದಿತು. ವಿಧವಾ ವಿವಾಹಕ್ಕಾಗಿ ದುಡಿದ ಕಂದುಕೂರಿ ವೀರೇಶಲಿಂಗಂ ಅಂಥವರೇ ಈ ಕಾವ್ಯವನ್ನು ಹಳಿದಿದ್ದರು. ಪುರುಷ ಕವಿಗಳ ಇಂಥದೇ ವರ್ಣನೆಗಳನ್ನು ಒಪ್ಪುವವರು ಹೆಣ್ಣು ಬರೆದಾಗ ಮಾತ್ರ ನಾಚಿಕೆ ಪಡುವುದೇಕೆ ಎಂದು ನಾಗರತ್ನಮ್ಮ ಪ್ರಶ್ನಿಸಿದರು. 1911ರಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ನಿಷೇಧ ತೆರವಾದದ್ದು 1947ರಲ್ಲಿ.

ತಿರುವೈಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಹಣ ಹಾಕಿ ಗುಡಿ ಕಟ್ಟಿಸಿದವರೂ ಇವರೇ. ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶ ಇರಲಿಲ್ಲ. 1927ರಲ್ಲಿ ಹೆಂಗಸರದೇ ತಂಡ ಕಟ್ಟಿ ಹಾಡಿಸಿದರು. 1941ರಲ್ಲಿ ಎಲ್ಲ ತಂಡಗಳೂ ಒಂದಾದವು. ದೇವದಾಸಿ ಪದ್ಧತಿ ನಿಲ್ಲಿಸುವ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನವನ್ನು ಅವರು ವಿರೋಧಿಸಿದ್ದೂ ನಿಜ. ಅದನ್ನು ಮುಚ್ಚಿಡಬೇಕಿಲ್ಲ, ಆ ಬಗ್ಗೆ ಚರ್ಚೆ ಆಗಲಿ. 1952ರಲ್ಲಿ ಅವರು ತೀರಿಕೊಂಡರು. ಇಂದು ಸಮಾಧಿಯ ಎದುರು ಅವರ ಪ್ರತಿಮೆ ಇದೆ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಸಂಘದ ಕಪಾಟಿಗೆ ಪುಸ್ತಕ ಜೋಡಿಸುವಾಗ, ಲೇಖಕಿಯೊಬ್ಬರ ಕಾದಂಬರಿಯನ್ನು ಮನೆಯ ಹೆಣ್ಣುಮಕ್ಕಳಿಗೆ ತಕ್ಕುದಲ್ಲ ಎಂದು ನಾವೇ ಪಕ್ಕಕ್ಕಿಟ್ಟೆವು. ಪೂರ್ತಿ ಓದಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಗುಮಾಸ್ತಿಕೆಯ ಅಭ್ಯಾಸ, ಕಡತ ಪಕ್ಕಕ್ಕಿಟ್ಟ ಹಾಗೆ. ಆ ಪುಸ್ತಕ ಈಗ ಕಪಾಟಿಗೆ ಮರಳಿದೆ.

ಇಂಗ್ಲಿಷ್ ಬಲ್ಲವರು ವಿ. ಶ್ರೀರಾಮ್ ಬರೆದ ಇವರ ಜೀವನಚರಿತ್ರೆ 'ದಿ ದೇವದಾಸಿ ಅಂಡ್ ದಿ ಸೇಂಟ್' ಓದಿರಿ. ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ 'ವಿಮೆನ್ ರೈಟಿಂಗ್ ಇನ್ ಇಂಡಿಯಾ' ಸಂಪುಟಗಳಲ್ಲಿ ಕನ್ನಡ, ತೆಲುಗು ಲೇಖಕಿಯರು ಒಟ್ಟಿಗೆ ಸಿಗುತ್ತಾರೆ. ಮನೆಯ ಮಕ್ಕಳು ಓದಿ ಹೇಳಿದರೂ ಸಾಕು.

ಮುಂದಿನ ಪಟ್ಟಿಯನ್ನು ಸದಸ್ಯೆಯರೇ ಮಾಡಲಿ. ತಾವು ಓದಿ ಮೆಚ್ಚಿದ ಪುಸ್ತಕದ ಹೆಸರು ಕಳಿಸಿರಿ, ತಿದ್ದದೆ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ