ಶ್ರೀ ಪುರಂದರದಾಸರ ಜೀವನ ಚರಿತ್ರೆ

ಬಂಡ್ರಿ, ಸಂಡೂರು ಕಡೆಯಿಂದ ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಬಹಳ ಜನ ಸ್ವಾಮಿಯ ದರ್ಶನ ಮುಗಿಸಿಕೊಂಡು ಹಾಗೇ ಹಂಪಿಗೂ ಹೋಗಿ ಬರುತ್ತಾರೆ. ಅಲ್ಲಿ ವಿಜಯವಿಠ್ಠಲ ದೇವಸ್ಥಾನದ ಹತ್ತಿರ, ತುಂಗಭದ್ರೆಯ ದಡದಲ್ಲಿ ಒಂದು ಕಲ್ಲಿನ ಮಂಟಪವಿದೆ. ಅದೇ ಪುರಂದರದಾಸರ ಮಂಟಪ. ಆ ಮಹಾನುಭಾವರ ಚರಿತ್ರೆಯನ್ನು ಭಕ್ತರು ತಿಳಿಯಬೇಕು.

ದಾಸರ ಕಾಲ 1484ರಿಂದ 1564 ಎಂದು ಹೇಳುತ್ತಾರೆ. ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ಚಿನ್ನ, ರತ್ನದ ವ್ಯಾಪಾರಿ. ನವಕೋಟಿ ನಾರಾಯಣ ಎಂದು ಜನ ಕರೆಯುತ್ತಿದ್ದರು. ಹಣವಿತ್ತು, ಕೊಡುವ ಕೈ ಮಾತ್ರ ಇರಲಿಲ್ಲ. ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣನನ್ನು ಇವತ್ತು ಬಾ, ನಾಳೆ ಬಾ ಎಂದು ತಿಂಗಳುಗಟ್ಟಲೆ ಅಲೆಸಿದರಂತೆ. ಕಡೆಗೆ ಪತ್ನಿ ಸರಸ್ವತೀಬಾಯಿ ತಮ್ಮ ಮೂಗುತಿಯನ್ನೇ ಕೊಟ್ಟುಬಿಟ್ಟರು. ಆತ ಅದನ್ನು ನಾಯಕರ ಅಂಗಡಿಗೇ ಮಾರಲು ತಂದ. ಗುರುತು ಹಿಡಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ಮೂಗುತಿ ಎಲ್ಲಿ ಎಂದು ಕೇಳಿದರು. ಆ ತಾಯಿ ಹೆದರಿ ವಿಷ ಕುಡಿಯಲು ಹೊರಟಾಗ ಬಟ್ಟಲಲ್ಲಿ ಮೂಗುತಿ ಕಂಡಿತು. ಅಂಗಡಿಗೆ ಓಡಿ ನೋಡಿದರೆ ಪೆಟ್ಟಿಗೆ ಖಾಲಿ! ಬಂದವನು ಸಾಕ್ಷಾತ್ ವಿಠ್ಠಲನೇ ಎಂದು ನಾಯಕರಿಗೆ ಅರಿವಾಯಿತು. ಇದ್ದದ್ದನ್ನೆಲ್ಲ ದಾನ ಮಾಡಿ, ಹೆಂಡತಿ ಮಕ್ಕಳೊಂದಿಗೆ ಉಟ್ಟ ಬಟ್ಟೆಯಲ್ಲೇ ಹೊರಟರು.

ದಾರಿಯಲ್ಲಿ ಕಾಡು ಬಂತು. ಪತ್ನಿಗೆ ಕಳ್ಳರ ಭಯ. ಏನೂ ಇಲ್ಲದವರಿಗೆ ಭಯವೇಕೆ ಎಂದು ವಿಚಾರಿಸಿದರೆ, ಮಕ್ಕಳಿಗೆ ನೀರು ಕುಡಿಸಲು ಒಂದು ಚಿನ್ನದ ಬಟ್ಟಲು ಗಂಟಿನಲ್ಲಿತ್ತು. ದಾಸರು ಅದನ್ನು ತೆಗೆದು ಕಾಡಿಗೆ ಎಸೆದರು. ಬಟ್ಟಲು ಹೋಯಿತು, ಅದರ ಜೊತೆಗೇ ಭಯವೂ ಹೋಯಿತು.

ಹಂಪಿಯಲ್ಲಿ ವ್ಯಾಸರಾಯರು ಪುರಂದರವಿಠ್ಠಲ ಎಂಬ ಅಂಕಿತ ಕೊಟ್ಟರು. ಕೋಟಿ ಎಣಿಸಿದ ಕೈ ತಂಬೂರಿ ಹಿಡಿಯಿತು. ಕಾಲಿಗೆ ಗೆಜ್ಜೆ ಕಟ್ಟಿ ಮನೆಮನೆಗೆ ಹೋಗಿ ಭಿಕ್ಷೆ ಬೇಡಿದರು. ಅವತ್ತಿನದು ಅವತ್ತಿಗೆ, ನಾಳೆಗೆಂದು ಕೂಡಿಡಲಿಲ್ಲ. ಒಬ್ಬರು ಕೊಟ್ಟರು, ಇನ್ನೊಬ್ಬರು ಬಾಗಿಲು ಹಾಕಿದರು. ದಾಸರು ಬೇಸರ ಮಾಡಿಕೊಳ್ಳಲಿಲ್ಲ. ಹಿಂದೆ ತಾವೂ ಹಾಗೇ ಬಾಗಿಲು ಹಾಕಿದವರಲ್ಲವೇ! ನಿಂದಿಸುವವರಿಂದ ತಮ್ಮ ದೋಷ ಕಳೆಯುತ್ತದೆ ಎಂದೇ ತಿಳಿದರು. ತಮ್ಮನ್ನು ಈ ದಾರಿಗೆ ಹಚ್ಚಿದವಳು ಹೆಂಡತಿಯೇ ಎಂದು ಪದದಲ್ಲಿ ಹೊಗಳಿದರು. ಇವತ್ತಿಗೂ ಸಂಗೀತ ಕಲಿಯುವ ಮಕ್ಕಳು ಶುರು ಮಾಡುವುದು ದಾಸರು ಹಾಕಿಕೊಟ್ಟ ಸರಳೆ ವರಸೆಯಿಂದಲೇ. ಅದಕ್ಕೇ ಅವರು ಕರ್ನಾಟಕ ಸಂಗೀತ ಪಿತಾಮಹರು.

1564ರ ಪುಷ್ಯ ಬಹುಳ ಅಮಾವಾಸ್ಯೆಯಂದು ದಾಸರು ಹರಿಪಾದ ಸೇರಿದರು. ಮರುವರ್ಷವೇ, 1565ರಲ್ಲಿ, ತಾಳಿಕೋಟೆ ಯುದ್ಧವಾಗಿ ಹಂಪಿ ಹಾಳಾಯಿತು. ಬೀದಿಯಲ್ಲಿ ಮುತ್ತು ರತ್ನ ಮಾರಿದ ಪಟ್ಟಣ ಉಳಿಯಲಿಲ್ಲ. ಅದೇ ಬೀದಿಯಲ್ಲಿ ಭಿಕ್ಷೆ ಬೇಡಿದವರ ಪದ ಉಳಿಯಿತು. ಪ್ರತಿ ವರ್ಷ ಅದೇ ತಿಥಿಗೆ ಮಂಟಪದಲ್ಲಿ ಆರಾಧನೆ ನಡೆಯುತ್ತದೆ. ನದಿ ತುಂಬಿದಾಗ ಮಂಟಪದೊಳಗೆ ನೀರು ನುಗ್ಗುತ್ತದೆ, ಇಳಿದ ಮೇಲೆ ಕಲ್ಲುಕಂಬ ಹಾಗೇ ನಿಂತಿರುತ್ತದೆ.

ಸಾಲ, ಕಾಯಿಲೆ, ಮನೆಯ ಜಗಳ ಹೊತ್ತುಕೊಂಡು ಬೆಟ್ಟ ಹತ್ತಿದ ಭಕ್ತರು ಆ ಮಂಟಪದಲ್ಲೂ ಒಂದು ಗಳಿಗೆ ಸುಮ್ಮನೆ ಕೂತು, ತಮ್ಮ ಗಂಟಿನಲ್ಲಿ ಉಳಿದಿರುವ ಚಿನ್ನದ ಬಟ್ಟಲು ಯಾವುದು ಎಂದು ಯೋಚಿಸಬೇಕು. ಭಗವಂತನು ಸರ್ವರಿಗೂ ಶಾಂತಿ ಕೊಡಲಿ.

॥ ಶುಭಂ ॥